ಚಿಂತಾಕಿಗೆ ಹೋಗುವ ಪಾಳಿ

ಬೀದರದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಸ್ಯಾಮ್‌ನ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಒಳಗೆ ಎರಡು ಕುರ್ಚಿ. ಒಂದರ ಮೇಲೆ ಗಿರಾಕಿ ಕೂರಲು ಹೋದರೆ ಸ್ಯಾಮ್ ಸಿಡುಕುತ್ತಾನೆ. “ಅಲ್ಲಿ ಬ್ಯಾಡ್ರಿ, ನಿಂತ್ಕೊಂಡೇ ಹೇಳ್ರಿ.” ಅದು ಪಾಲುದಾರ ಹಬೀಬನ ಕುರ್ಚಿ. ಹಬೀಬ ತೀರಿಕೊಂಡು ವರ್ಷವಾಗುತ್ತ ಬಂತು.

ನರ್ಸ್ ರೂತಳ ಮಗ ಸ್ಯಾಮ್, ವಜೀರಬೀಯ ಮಗ ಹಬೀಬ, ಶಾಲೆಯಿಂದಲೂ ಜೋಡಿ. ಭಾಲ್ಕಿ, ಔರಾದ ಕಡೆಯ ಹಳೆಯ ಯಂತ್ರಗಳೆಲ್ಲ ಇವರ ಮೇಜಿಗೇ ಬರುತ್ತಿದ್ದವು. ಉಳಿದದ್ದರಲ್ಲಿ ಒಂದೇ ಜೀವ, ಒಂದು ವಿಷಯದಲ್ಲಿ ಮಾತ್ರ ಹಾವು ಮುಂಗುಸಿ. ಹಳೆಯ ಯಂತ್ರಕ್ಕೆ ವಿಂಡೋಸಿನ ಹಳೆಯ ಆವೃತ್ತಿಯೇ ವೇಗ ಎಂದು ಹಬೀಬ, ಹೊಸದೇ ವೇಗ ಎಂದು ಸ್ಯಾಮ್.

ಬಾಯಿಜಗಳ ಸಾಕಾಗಿ ಪಂದ್ಯ ಕಟ್ಟಿಕೊಂಡರು. ರಿಪೇರಿಯಾದ ಪ್ರತಿ ಯಂತ್ರಕ್ಕೂ ಹಬೀಬ ತನ್ನ ವಿಂಡೋಸ್ ತುಂಬಿದ ಹಾರ್ಡ್ ಡಿಸ್ಕ್ ಹಾಕಬೇಕು, ಆಮೇಲೆ ಸ್ಯಾಮ್ ತನ್ನದು. ಎರಡರಲ್ಲೂ ಒಂದೇ ವೇಗಪರೀಕ್ಷೆ. ಮೆಮೊರಿಗೊಂದು ಅಂಕ, ಪ್ರೊಸೆಸರಿಗೊಂದು. ಸೀಮೆಸುಣ್ಣದಲ್ಲಿ ಶಟರಿನ ಒಳಮೈಗೆ ಬರೆಯಬೇಕು. ಕಡಿಮೆ ಬಂದವನು ಬೈಕಿನಲ್ಲಿ ಯಂತ್ರ ಒಯ್ದು ಕೊಟ್ಟು ಬರಬೇಕು. ಗೆದ್ದವನು ಫ್ಯಾನಿನ ಕೆಳಗೆ ಕಾಲು ಚಾಚಬಹುದು. ಸೋಲು ಗೆಲುವಿನ ಅಂತರ ಯಾವಾಗಲೂ ಕೂದಲೆಳೆಯಷ್ಟೇ.

ಆ ದಿನದ್ದು ಚಿಂತಾಕಿ ಶಾಲೆಯ ಯಂತ್ರ. ಸ್ಯಾಮ್‌ಗೆ ಮೈಸುಡುವ ಜ್ವರ.

“ನೀ ಮಲ್ಕೊ, ನಾ ಹೋಗ್ತೇನಿ,” ಎಂದ ಹಬೀಬ.

“ನಿನ್ನ ಭಿಕ್ಷಾ ನನಗ ಬ್ಯಾಡ. ಪಂದ್ಯ ಅಂದ್ರ ಪಂದ್ಯ.”

ಎಂಥ ಮೊಂಡ ನೋಡಿ, ನೆಟ್ಟಗೆ ನಿಲ್ಲಲೂ ಆಗದವನಿಗೆ ಪಂದ್ಯದ ಮರ್ಯಾದೆ! ಪರೀಕ್ಷೆ ನಡೆಯಿತು, ಹಬೀಬ ಸೋತ, ನಗುತ್ತಲೇ ಯಂತ್ರ ಕಟ್ಟಿಕೊಂಡು ಹೋದ. ಕೊಟ್ಟು ಮರಳುವಾಗ, ಮುಸ್ಸಂಜೆಯಲ್ಲಿ, ಹಿಂದೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರಿಗೆ ಬೈಕು ಬಡಿಯಿತು.

ಅಂದಿನಿಂದ ಅಂಗಡಿಯಲ್ಲಿ ಸ್ಯಾಮ್ ಒಂಟಿಯಾಗಿದ್ದೇ ಇಲ್ಲ. ಯಂತ್ರ ಶುರುವಾದರೆ ಸಾಕು, ಬೆನ್ನ ಹಿಂದೆ ಹಬೀಬ ಉಸಿರು ಬಿಗಿಹಿಡಿದು ಅಂಕಕ್ಕೆ ಕಾಯುತ್ತಿದ್ದಾನೆ ಎನಿಸುತ್ತದೆ. ತಿರುಗಿದರೆ ಖಾಲಿ ಕುರ್ಚಿ. ಶಟರ್ ಎಳೆದರೆ ಹಬೀಬನ ಕೈಯ ಕೊನೆಯ ಸಾಲು. ಮೆಮೊರಿಯಲ್ಲಿ ಇಬ್ಬರೂ ಸಮ. ಪ್ರೊಸೆಸರಿನಲ್ಲಿ ಹಬೀಬನದು ಅರ್ಧಕ್ಕರ್ಧ ಕಡಿಮೆ. ಹಾಗೆ ಎಂದೂ ಆಗಿರಲಿಲ್ಲ. ಜ್ವರದಲ್ಲಿ ಅದು ಹೊಳೆದಿರಲಿಲ್ಲ, ಈಗ ಮರೆಯಲಾಗುತ್ತಿಲ್ಲ. ಅಂದು ಹೋಗಬೇಕಾದವನು ನಿಜಕ್ಕೂ ಯಾರು? ಆ ಪ್ರಶ್ನೆ ಅವನನ್ನು ಉಣ್ಣಲು ಬಿಡಲಿಲ್ಲ, ಮಲಗಲು ಬಿಡಲಿಲ್ಲ.

ಮೊನ್ನೆ ಚಿಂತಾಕಿಯ ಅದೇ ಯಂತ್ರ ಮತ್ತೆ ಕೆಟ್ಟು ಬಂತು. ಅದೇ ವಾರ ವಜೀರಬೀ ಬಂದಳು. ಅವಳು ಸೀದಾ ಹೋಗಿ ಮಗನ ಕುರ್ಚಿಯಲ್ಲಿ ಕೂತಾಗ ಸ್ಯಾಮ್ ಸಿಡುಕಲಿಲ್ಲ.

“ಹಬೀಬನ ಚೀಲದಾಗ ಇದು ಸಿಕ್ತು. ನಿಂದೇನು ನೋಡಪ್ಪ,” ಎಂದು ಡಿಸ್ಕ್ ಕೊಟ್ಟಳು.

ಪಂದ್ಯಕ್ಕೆ ಹಬೀಬ ಹಾಕುತ್ತಿದ್ದ ಡಿಸ್ಕ್ ಅದು. ಸ್ಯಾಮ್ ಅದನ್ನು ಚಿಂತಾಕಿಯ ಯಂತ್ರಕ್ಕೆ ಹಾಕಿ ಪರೀಕ್ಷೆ ಓಡಿಸಿದ. ಮತ್ತೆ ಪ್ರೊಸೆಸರಿನ ಅಂಕ ಅರ್ಧ. ಸೆಟ್ಟಿಂಗ್ಸ್ ತೆರೆದ. ಪ್ರೊಸೆಸರನ್ನು ಅರ್ಧ ವೇಗ ಮೀರದಂತೆ ಕಟ್ಟಿಹಾಕಲಾಗಿತ್ತು. ಆ ಡಿಸ್ಕನ್ನು ಹಬೀಬನ ಹೊರತು ಯಾರೂ ಮುಟ್ಟುತ್ತಿರಲಿಲ್ಲ. ಕಟ್ಟು ಬಿಚ್ಚಿ ಮತ್ತೆ ಓಡಿಸಿದ. ಶಟರಿನ ಮೇಲಿದ್ದ ತನ್ನ ಅಂದಿನ ಅಂಕಕ್ಕಿಂತ ಕೂದಲೆಳೆಯಷ್ಟು ಹೆಚ್ಚು, ಹಳೆಯ ಆವೃತ್ತಿ ಗೆದ್ದಿತು. ಬೆನ್ನ ಹಿಂದೆ ಬಿಗಿಹಿಡಿದಿದ್ದ ಉಸಿರು ಯಾರೋ ಬಿಟ್ಟಂತಾಯಿತು.

“ಏನಿತ್ತಪ್ಪ ಅದರಾಗ?” ಎಂದಳು ವಜೀರಬೀ.

“ಅವ ಬೇಕಂತ ಸೋತಾನ್ರಿ ಅಮ್ಮಿ. ಪಾಳಿ ನಂದಿತ್ರಿ. ನನಗ ಜ್ವರ ಅದ ಅಂತ...”

ವಜೀರಬೀ ಮಗನ ಕುರ್ಚಿಯ ಕೈಯನ್ನು ಸವರಿದಳು. ಆಮೇಲೆ ಕೇಳಿದಳು, “ಮತ್ತ, ನಿನ್ನ ಜ್ವರ ಇಳೀತೇನಪ್ಪ ಆ ದಿನ?”

“ಇಳೀತ್ರಿ ಅಮ್ಮಿ,” ಎಂದ ಸ್ಯಾಮ್. “ಮುಸ್ಸಂಜಿಗೇ ಇಳೀತ್ರಿ.”