ಹಲ್ಲೆಲೂಯದ ಕಾವಲುಗಾರ

ಲೂಥರನ್ ಸಭೆಯ ಗಾಯನ ತಂಡವನ್ನು ಇಪ್ಪತ್ತು ವರ್ಷಗಳಿಂದ ಆಳುತ್ತಿದ್ದವರು ದರ್ಜಿ ಮಾವ. ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ಕಾಲವಾದ ಲೆಂಟ್‌ನ ನಲವತ್ತು ದಿನ ಅಲ್ಲಿ ಯಾರೂ ‘ಹಲ್ಲೆಲೂಯ’ ಎನ್ನುವಂತಿಲ್ಲ. ಆ ಸಂತೋಷದ ಪದ ಈಸ್ಟರ್‌ಗೆ ಮೀಸಲು. ಈ ನಿಯಮವನ್ನು ದೇವರು ಮರೆತರೂ ಮಾವ ಮರೆಯುವವರಲ್ಲ. ಐದನೆಯ ವಾರದ ಅಭ್ಯಾಸದಲ್ಲಿ ಅವರ ಹೆಂಡತಿಯೇ ಹಾಡಿನ ಪುಸ್ತಕ ಮಡಚುತ್ತಾ ಆ ಪದ ಗುನುಗಿಬಿಟ್ಟಳು. ಮಾವನ ಪಿತ್ತ ನೆತ್ತಿಗೇರಿತು.

“ನನ್ನ ಮಾತಿಗೆ ಮೂರು ಕಾಸಿನ ಕಿಮ್ಮತ್ತಿಲ್ಲ ಅಂದ್ಮೇಲೆ ನಾನ್ಯಾಕಿರ್ಲಿ? ಇವತ್ತಿಂದ ತಂಡ ಬಿಟ್ಟೆ.”

ಅಳತೆಯ ಟೇಪನ್ನು ಕೊರಳಿಗೆ ಸುತ್ತಿಕೊಂಡು ಹೊರಟವರು, ಯಾರಾದರೂ ತಡೆಯಲೆಂದು ಹೊಸ್ತಿಲಲ್ಲಿ ಕೊಂಚ ನಿಂತರು.

ಹಿಂದಿನಿಂದ ಹೆಂಡತಿ ‘ಹಲ್ಲೆಲೂಯ’ ಎತ್ತಿಕೊಂಡಳು, ತಂಡವೆಲ್ಲ ದನಿಗೂಡಿಸಿತು. ಇಪ್ಪತ್ತು ವರ್ಷ ಮಾವ ಬಡಕೊಂಡರೂ ಹೊಂದದಿದ್ದ ತಂಡದ ನಾಲ್ಕು ಸ್ತರದ ದನಿಗಳು ಅಂದು ಕೂದಲೆಳೆಯಷ್ಟೂ ತಪ್ಪದೆ ಕೂಡಿಬಂದವು.