ಬೆಚ್ಚಗಿದ್ದ ಕಾಳಿನ ಗಂಟು

ಮೊಳಕೆ ಕಟ್ಟಿದ ಹುರುಳಿಕಾಳಿನ ಗಂಟು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಸೊಸೆಯಂದಿರು ನಗುತ್ತಾರೆ. ನಗಲಿ.

ಎಪ್ಪತ್ತರ ದಶಕದ ಕೊನೆ. ಶೆಟ್ಟಿಕೆರೆಯಿಂದ ತಿಪಟೂರಿಗೆ ಬಸ್ಸಿನಲ್ಲಿ ಓಡಾಡಿ ಪಿಯುಸಿ ಓದುತ್ತಿದ್ದೆ. ಜೀವಶಾಸ್ತ್ರದ ಮೇಡಂ ಆಗಬೇಕೆಂಬುದು ನನ್ನ ಹಟ. ಅಪ್ಪ ಷರತ್ತು ಹಾಕಿದ್ದರು: ಫಸ್ಟ್ ಕ್ಲಾಸ್ ಬಂದರೆ ಬಿ.ಎಸ್ಸಿ., ಬರದಿದ್ದರೆ ಮದುವೆ. ತುರುವೇಕೆರೆಯಲ್ಲಿ ಅವ್ವನ ತಮ್ಮ, ಅಂದರೆ ನನ್ನ ಸೋದರಮಾವ, ಕಾಯುತ್ತಲೇ ಇದ್ದರು. ಮನೆಯಲ್ಲಿ ನನ್ನ ಕಡೆ ಇದ್ದವಳು ಅವ್ವ ಒಬ್ಬಳೇ. ಹಾಗೆಂದು ನಂಬಿದ್ದೆ.

ಕ್ಲಾಸಿನಲ್ಲಿ ಕಲಿತದ್ದನ್ನು ಸಂಜೆ ಒಲೆ ಮುಂದೆ ಕೂತು ಅವ್ವನಿಗೆ ಒಪ್ಪಿಸುವುದು ನನ್ನ ಓದುವ ರೀತಿ. ಅಕ್ಷರ ಬಾರದ ಅವಳಿಗೆ ಅರ್ಥವಾದರೆ ಪರೀಕ್ಷೆಯಲ್ಲಿ ನಾನು ತಪ್ಪುವುದಿಲ್ಲ. ಅವತ್ತು ಜೀವಕೋಶ ಗ್ಲೂಕೋಸ್ ಒಡೆಯುವ ಪಾಠ.

“ಕಾಳೊಳಗೂ ಒಂದು ಒಲೆ ಐತೆ ಅವ್ವಾ. ನೀನು ತೆಂಗಿನ ಗರಿನೆಲ್ಲಾ ಒಂದೇ ಸಲ ಒಲೆಗೆ ತುರುಕ್ತೀಯಾ? ಇಲ್ವಲ್ಲ. ಅದೂ ಸಕ್ಕರೆನ ಚೂರು ಚೂರೇ ಸುಡ್ತದೆ. ಮೊದ್ಲು ಎರಡು ತುಂಡು ಮಾಡ್ಕೊಂತದೆ, ಆಗ ಸಿಗೋ ಶಕ್ತಿ ಒಂಚೂರು. ಆಮೇಲೆ ಗಾಳಿ ಎಳ್ಕೊಂಡು ಪೂರ್ತಿ ಸುಡ್ತದೆ, ಜಾಸ್ತಿ ಸಿಗೋದು ಆಗ್ಲೇ. ಮೊಳಕೆ ಬೆಳೆಯೋದು ಅದ್ರಿಂದ. ಮಿಕ್ಕಿದ್ದು ಬಿಸಿಯಾಗಿ ಹೊರಗೋಗ್ತದೆ.”

“ಅದ್ಕೇ ಅಟ್ಟದ ಮೇಲೆ ಮೊಳೆತ ಕಾಯಿಲಿ ಕೊಬ್ಬರಿ ಆಗಲ್ಲ ಅನ್ನು. ಮೊಳಕೆನೇ ತಿಂದಾಕ್ಬುಡ್ತದೆ,” ಎಂದಳು ಅವ್ವ. ಆಮೇಲೆ ಕೇಳಿದಳು, “ಬಿಸಿನೀರು ಬಿದ್ರೆ?”

“ಒಡೆಯೋ ಕೆಲ್ಸ ಮಾಡೋ ಕಿಣ್ವಗಳು ಕೆಟ್ಟೋಗ್ತವೆ. ಒಲೆ ಆರೋಯ್ತದೆ, ಕಾಳು ಸತ್ತೋಯ್ತದೆ.”

“ಸತ್ರೂ ನೋಡಾಕೆ ಹಂಗೇ ಇರ್ತದಾ?”

ಎಂಥ ಪ್ರಶ್ನೆ! ಕಾಲೇಜಿನಲ್ಲಿ ನಮ್ಮಲ್ಲೊಬ್ಬರೂ ಮೇಷ್ಟ್ರನ್ನು ಹೀಗೆ ಕೇಳಿರಲಿಲ್ಲ. ಹಿಗ್ಗಿಹೋದೆ. ಕುದಿಯೋ ನೀರಲ್ಲಿ ಒಂದು ಗಳಿಗೆ ಅದ್ದಿ ತೆಗೆದರೆ ಯಾರಿಗೂ ಗೊತ್ತಾಗಲ್ಲ ಎಂದು ನನ್ನ ಬಾಯಿಂದಲೇ ಹೇಳಿದೆ.

ಪ್ರಾಕ್ಟಿಕಲ್ ಪರೀಕ್ಷೆಗೆ ಮೊಳಕೆಕಾಳನ್ನು ನಾವೇ ತರಬೇಕಿತ್ತು. ಬೆಳಿಗ್ಗೆ ಅವ್ವ ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಕೈಗಿಟ್ಟು, “ಹುಷಾರಾಗಿ ಬರೀ ಕಣೇ” ಎಂದು ಬಸ್ಸು ಹತ್ತಿಸಿದಳು. ಗಂಟು ಬೆಚ್ಚಗಿತ್ತು. ನನ್ನ ಪೆದ್ದುತನ ನೋಡಿ, ಗ್ಲೂಕೋಸ್ ಒಡೆದ ಬಿಸಿಯೇ ಇದು ಎಂದುಕೊಂಡು ದಾರಿಯುದ್ದಕ್ಕೂ ಅದನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದೆ. ಪಕ್ಕ ಕೂತ ಗೆಳತಿಗೂ ಮುಟ್ಟಿಸಿದೆ.

ಸೀಸೆಗೆ ಕಾಳು ಹಾಕಿ, ಅದು ಬಿಡುವ ಕೆಟ್ಟ ಗಾಳಿ ಹೀರಲು ಕ್ಷಾರ ಇಟ್ಟು, ಬಿರಡೆ ಬಿಗಿದೆ. ಕಾಳು ಉಸಿರಾಡಿದರೆ ಒಳಗೆ ಗಾಳಿ ಕಡಿಮೆಯಾಗಿ ನಳಿಕೆಯಲ್ಲಿ ಕೆಂಪು ನೀರು ಮೇಲೇರಬೇಕು. ಗೆಳತಿಯದು ಏರಿತು. ನನ್ನದು ಅಲ್ಲಾಡಲಿಲ್ಲ. ಬಿರಡೆಗೆ ಮೇಣ ಹಚ್ಚಿದೆ, ಮನೆದೇವರಿಗೆ ಹರಕೆ ಹೊತ್ತೆ. “ಏನಮ್ಮಾ, ಬೇಯಿಸಿದ ಕಾಳು ತಂದಿದ್ದೀಯಾ?” ಎಂದು ಪರೀಕ್ಷಕರು ತಮಾಷೆ ಮಾಡಿದರು. ಎಲ್ಲರೂ ನಕ್ಕರು.

ಆಗಲೂ ನನಗೆ ಅನುಮಾನ ಬರಲಿಲ್ಲ. ಆ ಕಾಳನ್ನು ಮನೆಗೆ ತಂದು ಒದ್ದೆ ಬಟ್ಟೆಯಲ್ಲೇ ಬಿಟ್ಟಿದ್ದೆ. ಎರಡು ದಿನದ ಮೇಲೆ ನೋಡಿದರೆ, ಒಟ್ಟಿಗೇ ನೆನೆಹಾಕಿದ್ದ ಕಾಳಿನಲ್ಲಿ ಅವ್ವ ಸಾರಿಗೆಂದು ಎತ್ತಿಟ್ಟುಕೊಂಡಿದ್ದಕ್ಕೆ ಉದ್ದುದ್ದ ಮೊಳಕೆ. ನನ್ನದು ಒಂಚೂರೂ ಬೆಳೆಯದೆ ಹಳಸಿತ್ತು. ಎರಡನ್ನೂ ಅವಳ ಮುಂದೆ ಹಿಡಿದೆ.

ಅವಳು ಸುಳ್ಳು ಹೇಳಲಿಲ್ಲ. “ತಮ್ಮಂಗೆ ಮಾತು ಕೊಟ್ಬುಟ್ಟಿದ್ದೆ ಕಣೇ, ನೀನು ಹುಟ್ಟಿದಾಗ್ಲೇ.”

“ಮತ್ತೆ ನಂಗೆ ಓದು ಓದು ಅಂತಿದ್ಯಲ್ಲವ್ವಾ?”

“ಅಂತಿದ್ದೆ. ಬುಡು,” ಎಂದು ಮೊರ ಎತ್ತಿಕೊಂಡು ಹೊರಗೆ ಹೋದಳು.

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಅಪ್ಪನಿಗೆ ಹೇಳಿದ್ದರೆ ಅವಳ ಗತಿ ಏನಾಗುತ್ತಿತ್ತೋ, ಬಾಯಿ ಮುಚ್ಚಿಕೊಂಡೆ. ನನಗೆ ದ್ರೋಹ ಮಾಡಿದವಳನ್ನು ಕಾಪಾಡಿದವಳೂ ನಾನೇ. ಎರಡು ಅಂಕಕ್ಕೆ ಫಸ್ಟ್ ಕ್ಲಾಸ್ ತಪ್ಪಿತು, ತುರುವೇಕೆರೆಗೆ ಸೊಸೆಯಾಗಿ ಬಂದೆ. ಗಂಡ ಒಳ್ಳೆಯವರೇ, ಅವರ ಮೇಲೆ ದೂರಿಲ್ಲ.

ಮೇಡಂ ಮಾತ್ರ ಆಗಲಿಲ್ಲ. ಈ ಜನ್ಮದಲ್ಲಿ ನಾನು ಪಾಠ ಹೇಳಿದ್ದು ಒಬ್ಬಳಿಗೇ. ಅವಳು ಒಂದಿಷ್ಟೂ ತಪ್ಪದೆ ಕಲಿತಿದ್ದಳು.