ಎಲೆ ಕೇಳುವ ಜಗದೇವಪ್ಪ
ಉಮರ್ಗಾ ಪೇಟೆಯಲ್ಲಿ ಬೆಳೆಗೆ ಹೊಡೆಯುವ ಔಷಧಿ ಮಾರುವ ಜಗದೇವಪ್ಪ, ಹುಳ ತಿಂದ ಎಲೆ ತೋರಿಸದೆ ಯಾರಿಗೂ ಬಾಟಲಿ ಕೊಡುವುದಿಲ್ಲ. ಸ್ವಂತ ಮಾವ ಬಂದರೂ "ಎಲಿ ತಂದೀರೇನ್ರಿ?" ಎನ್ನುತ್ತಾನೆ. ತಂದ ಎಲೆಯನ್ನು ಮದುವೆ ಸೀರೆಯಂತೆ ಬೆಳಕಿಗೆ ಹಿಡಿದು ನೋಡುತ್ತಾನೆ. ತಾರದವರನ್ನು ಕೂಡಿಸಿ, ಚಹಾ ಕುಡಿಸಿ, ಮನೆಗೆ ಫೋನ್ ಹಚ್ಚಿ, ಮನೆಯವರು ಬರುವ ತನಕ ಹರಟುತ್ತಾನೆ. ಮೊನ್ನೆ ನನ್ನ ತೊಗರಿಗೆ ಔಷಧಿ ಕೇಳಲು ಬರಿಗೈಯಲ್ಲಿ ಹೋದ ನಾನು, ಅವನು ಚಹಾ ಕೊಟ್ಟ ಕೂಡಲೇ ರೇಗಿದೆ: "ನೀವು ದುಕಾನದಾರ್ರೋ, ಫೌಜದಾರ್ರೋ?" ಅವನು ಮೆಲ್ಲಗೆ ಹೇಳಿದ: "ನನ್ನ ತಮ್ಮ ಸೋಮೇಶ್ವರ ಸಾಲಿ ಮಾಸ್ತರ ಇದ್ದ ರೀ. ನನ್ನ ಕೈಲಿಂದನೇ ಬಾಟ್ಲಿ ಒಯ್ದ. ಸಂಜಿಗೆ ಅಂವಾ ಉಳೀಲಿಲ್ಲ. ಅಂವಗ ಹೊಲಾನೇ ಇರ್ಲಿಲ್ಲ. ಯಾಕ ಬೇಕಂತ ನಾ ಕೇಳ್ಲಿಲ್ಲ." ನಾನು ಚಹಾ ಕುಡಿದು ಮುಗಿಸಿದೆ. ತೊಗರಿ ಎಲೆ ತರಲು ಹೊಲಕ್ಕೆ ಹೊರಟೆ.